ಅವ್ವನ ಹತ್ತು ಬೆರಳು ಹೊತ್ತು ವೇಲ್ಸಿಗೆ ಹೋದದ್ದು

ಹೊರಡುವ ಮೊದಲು

ಆಗೂದಿಲ್ಲ ಅಂತ ಮೊದಲು ಹೇಳಿದವನು ನಮ್ಮ ಸೋದರಮಾವ ಯಲ್ಲಪ್ಪ. ಖಾನಾಪುರ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ನಿಂತು, ನಾಲ್ಕು ಮಂದಿಗೆ ಕೇಳುವಂತೆ ಹೇಳಿದ: “ಕುರಿ ಕಾಯೋರ ಮನಿ ಹುಡುಗಿ ಬೆಳಗಾಂವಕ ಹೋಗಿ ಎಂ.ಎ. ಮುಗಿಸಿದ್ದ ಭಾಳ ಆತು. ಇನ್ನ ವಿಮಾನ ಹತ್ತತಾಳಂತ! ಬರದಿಟ್ಕೊಳ್ರಿ, ಆಗೂದಲ್ಲ ಹೋಗೂದಲ್ಲ.” ಎರಡನೆಯವಳು ಬೆಳಗಾವಿಯ ಶಹಾಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಜ್ಜಿ. ಕೆಳಗೆ ಪವರ್‌ಲೂಮ್ ಓಡುವ ಮನೆ, ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು. “ಥಂಡಿಗೆ ಸತ್ತ ಹೋಗ್ತಿ, ಮಾಯವ್ವಾ!” ಅಂತ ಕೂಗಿದಳು. ಮೂರನೆಯವಳು ನಾನೇ. ನಾನು ಮಾತ್ರ ಯಾರಿಗೂ ಕೇಳುವಂತೆ ಹೇಳಲಿಲ್ಲ.

ನಮ್ಮೂರು ಹಲಸಿಗೆ ಹೋಗುವ ದಾರಿಯಲ್ಲಿದೆ. ಮನೆಯಲ್ಲಿ ಹತ್ತನೇ ಇಯತ್ತೆ ದಾಟಿದವಳು ನಾನೊಬ್ಬಳೇ. ಅದೂ ನಡುವೆ ಎರಡು ವರ್ಷ ಶಾಲೆ ಬಿಟ್ಟು, ಮತ್ತೆ ಸೇರಿ. ಖಾನಾಪುರದಲ್ಲಿ ಬಿ.ಎ., ಬೆಳಗಾವಿಯಲ್ಲಿ ಸಮಾಜಶಾಸ್ತ್ರದ ಎಂ.ಎ., ರಜೆ ಬಂದಾಗಲೆಲ್ಲ ಸೀರೆ ಅಂಗಡಿಯಲ್ಲಿ ನಿಂತು ಗಿರಾಕಿ ಬಿಚ್ಚಿಸಿದ ಸೀರೆ ಮಡಚುವ ಕೆಲಸ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ, ತುಸು ಸೊಕ್ಕೇ ಇದೆ. ಆದರೆ ಅಷ್ಟು ಓದಿ ಮುಗಿಸುವ ಹೊತ್ತಿಗೆ ದಣಿದೂ ಹೋಗಿದ್ದೆ. ಈ ಪ್ರವಾಸವನ್ನು ಆ ದಣಿವಿನಲ್ಲೇ ಮಾಡಿದೆ. ಕಡಲು, ಕೋಟೆ, ಹೂದೋಟ ಬೇಕಾದವರು ಬೇರೆಯವರು ಬರೆದದ್ದನ್ನು ಓದಬೇಕು.

ನಾನು ಹೋದದ್ದು ವೇಲ್ಸಿನಲ್ಲಿ ನಡೆಯುವ ಮೂರು ವಾರದ ಒಂದು ಕೋರ್ಸಿಗೆ. ಮಂದಿಯ ಬದುಕಿನ ಬಗ್ಗೆ ಸಂಶೋಧನೆ ಹೇಗೆ ಮಾಡಬೇಕು, ಅವರನ್ನು ಹೇಗೆ ಕೇಳಬೇಕು, ಕೇಳಿದ ಮೇಲೆ ಅವರ ಮಾತನ್ನು ಹೇಗೆ ಕಾಯಬೇಕು ಅನ್ನುವುದನ್ನು ಮೊದಲಿನಿಂದ ಕಲಿಸುವ ಕೋರ್ಸು. ಹೋಗಿಬರುವ ಖರ್ಚೆಲ್ಲ ಅವರದೇ. ಬೆಳಗಾವಿಯಲ್ಲಿ ಒಂದು ಸಂಶೋಧನೆ ನಡೆಸುತ್ತಿದ್ದವರು ನನಗೆ ಮೊದಲೇ ಹೇಳಿದ್ದರು: ಆ ಪ್ರಮಾಣಪತ್ರ ತಂದರೆ ಹಳ್ಳಿ ತಿರುಗಿ ಮಾಹಿತಿ ಕೂಡಿಸುವ ಕೆಲಸ ನಿನ್ನದು, ತರದಿದ್ದರೆ ಬೇರೆಯವರನ್ನು ನೋಡುತ್ತೇವೆ. ಅಂದರೆ ಪ್ರಮಾಣಪತ್ರ ಇಲ್ಲದೆ ಬಂದರೆ ಮತ್ತೆ ಸೀರೆ ಮಡಚುವುದೇ.

ಬರುವವರು ತಾವು ಮಾಡಿದ ಹತ್ತು ಸಂದರ್ಶನ ತರಬೇಕು, ಮಾತಾಡಿದ ಪ್ರತಿಯೊಬ್ಬರ ಒಪ್ಪಿಗೆ ಪತ್ರವೂ ಇರಬೇಕು ಅನ್ನುವುದು ನಿಯಮ. ನಮ್ಮ ಸುತ್ತಿನ ಕುರಿ ಕಾಯುವ ಮನೆಗಳ ಹತ್ತು ಹೆಂಗಸರನ್ನು ಮಾತಾಡಿಸಿದೆ. ಅವರ ದುಡಿಮೆಯ ಬಗ್ಗೆ. ತಾಸುಗಟ್ಟಲೆ ಮಾತಾಡಿದರು. ಎಲ್ಲರಿಗಿಂತ ಚಲೋ ಮಾತಾಡಿದವಳು ನಮ್ಮ ಅತ್ತಿ ನಾಗವ್ವ, ಅಪ್ಪನ ಅಕ್ಕ. ಆದರೆ ಒಪ್ಪಿಗೆ ಪತ್ರ ತೆಗೆದು ಇಂಕಿನ ಪ್ಯಾಡು ಮುಂದೆ ಚಾಚಿದ ಕೂಡಲೇ ಹತ್ತೂ ಮಂದಿ ಕೈ ಸೆರಗಿನೊಳಗೆ ಎಳೆದುಕೊಂಡರು. ಹಿಂದೆ ಯಾವುದೋ ಕಾಗದಕ್ಕೆ ಹೆಬ್ಬಟ್ಟು ಒತ್ತಿದ ಮೇಲೆಯೇ ಕುರಿ ಮೇಯಿಸುವ ಗಾಯರಾಣ ಜಮೀನು ಕೈಬಿಟ್ಟು ಹೋಯಿತು ಅಂತ ನಮ್ಮವರಲ್ಲಿ ಮಾತಿದೆ. “ಮಾತ ಬೇಕಾದಷ್ಟ ತಗೋ ಮಗಳ, ಹೆಬ್ಬಟ್ಟ ಮಾತ್ರ ಕೇಳಬ್ಯಾಡ” ಅಂದಳು ಅತ್ತಿ.

ಹೊರಡಲು ಎರಡು ದಿನ ಉಳಿದಿತ್ತು. ನಾನು ಹತ್ತು ಖಾಲಿ ಪತ್ರ ಹರಡಿಕೊಂಡು ಅಳುತ್ತ ಕೂತಿದ್ದನ್ನು ಅವ್ವ ನೋಡಿದಳು.

“ಎಷ್ಟ ಮಂದಿ?” ಅಂದಳು.

“ಹತ್ತ.”

ಅವ್ವ ತನ್ನ ಎರಡೂ ಕೈ ಅಗಲಿಸಿ ನೋಡಿಕೊಂಡಳು. “ಬರೋಬ್ಬರಿ ಆತಲ್ಲ. ತಾ ಇಲ್ಲೆ.”

ಒಂದೊಂದು ಪತ್ರಕ್ಕೆ ಒಂದೊಂದು ಬೆರಳು. ಹತ್ತೂ ಬೇರೆ ಬೇರೆ ಕಾಣಬೇಕಲ್ಲ. ಕಿರುಬೆರಳಿನ ಗುರುತು ಸಣ್ಣದಾಯಿತು ಅಂತ ಅದನ್ನು ಹೊರಳಿಸಿ ಹೊರಳಿಸಿ ಒತ್ತಿದಳು. ನಾನು ಬ್ಯಾಡ ಅನ್ನಲಿಲ್ಲ. ಪ್ಯಾಡು ಹಿಡಿದವಳು ನಾನೇ.

ರೈಲು ಎರಡಾದದ್ದು

ವಿಮಾನದ ಬಗ್ಗೆ ಹೇಳುವಂಥದ್ದೇನಿಲ್ಲ. ಕೂತು ಕೂತು ಕಾಲು ಬಾತವು. ಲಂಡನ್ನಿನಿಂದ ಎರಡು ರೈಲು ಹತ್ತಬೇಕಿತ್ತು. ಎರಡನೆಯದರಲ್ಲಿ ಕಿಟಕಿ ಬಾಜು ಕೂತು, ಬ್ಯಾಗು ಅಪ್ಪಿಕೊಂಡು ಮಲಗಿಬಿಟ್ಟೆ. ಎಚ್ಚರಾದಾಗ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಗುಡ್ಡ, ಡಬ್ಬಿಯಲ್ಲಿ ನಾನೊಬ್ಬಳೇ.

ಆ ದಾರಿಯ ರೈಲು ನಡುವೆ ಒಂದು ಸ್ಟೇಷನ್ನಿನಲ್ಲಿ ಎರಡಾಗುತ್ತದಂತೆ. ಮುಂದಿನ ಡಬ್ಬಿಗಳು ಒಂದೂರಿಗೆ, ಹಿಂದಿನವು ಇನ್ನೊಂದೂರಿಗೆ. ನಾನು ಕೂರಬೇಕಾದದ್ದು ಮುಂದೆ, ಕೂತದ್ದು ಹಿಂದೆ. ಖಾನಾಪುರ ಸ್ಟೇಷನ್ನಿನಲ್ಲಿ ರೈಲು ನಿಂತರೆ ಪೂರ್ತಿ ನಿಲ್ಲುತ್ತದೆ, ಹೋದರೆ ಪೂರ್ತಿ ಹೋಗುತ್ತದೆ. ಅರ್ಧ ಹೋಗುವ ರೈಲನ್ನು ನಾನು ಕಂಡಿರಲಿಲ್ಲ.

ಟಿಕೆಟ್ ನೋಡುವವನು ಬಂದ. ಬೈಗುಳಕ್ಕೆ ತಯಾರಾಗಿ ನಿಂತೆ. ಅವನು ನನ್ನ ಟಿಕೆಟ್ ನೋಡಿ, ತಾನೇ ಮೂರು ಸಲ ಕ್ಷಮೆ ಕೇಳಿದ. ತಪ್ಪು ನನ್ನದು, ಕ್ಷಮೆ ಅವನದು. ಈ ದೇಶದಲ್ಲಿ ನಾವು ಅವರ ಕಾಲು ತುಳಿದರೂ ಅವರೇ ಸಾರಿ ಅನ್ನುತ್ತಾರೆ. ಮೊದಲೆರಡು ದಿನ ಚಲೋ ಅನಿಸುತ್ತದೆ. ಆಮೇಲೆ, ಇವರಿಗೆ ಖರೇ ಸಿಟ್ಟು ಬಂದರೆ ಗೊತ್ತಾಗುವುದು ಹೇಗಪ್ಪಾ ಅಂತ ದಿಗಿಲಾಗುತ್ತದೆ. ಮುಂದಿನ ಸ್ಟೇಷನ್ನಿನಲ್ಲಿ ನನ್ನನ್ನು ಇಳಿಸಿ, ವಾಪಸು ಹೋಗುವ ರೈಲಿನ ಹೊತ್ತನ್ನು ಚೀಟಿಯಲ್ಲಿ ಬರೆದುಕೊಟ್ಟ. ಒಂದು ಬೆಂಚು, ನಾನು, ಬೇಲಿಯಾಚೆ ಕುರಿಗಳು. ಎರಡು ತಾಸು ಅವು ನನ್ನನ್ನು ನೋಡಿದವು, ನಾನು ಅವನ್ನು ನೋಡಿದೆ. ಅಷ್ಟು ದೂರ ಓದಿ, ಅಷ್ಟು ದೂರ ಹಾರಿ, ಕೊನೆಗೆ ಕುರಿ ನೋಡುತ್ತಾ ಕೂತೆನಲ್ಲ ಅಂತ ನಗು ಬಂತು. ಅದೊಂದೇ ಆ ದಿನದ ನಗು.

ಎಮ್ರಿಸನ ಮನೆ

ಕಡಲ ದಂಡೆಯ ಆ ಸಣ್ಣ ಊರಲ್ಲಿ ನನ್ನನ್ನು ಇಟ್ಟದ್ದು ಎಮ್ರಿಸ್ ಎಂಬ ಮುದುಕನ ಮನೆಯಲ್ಲಿ. ಹೆಂಡತಿ ತೀರಿದ್ದಳು. ತಾನೇ ಅಡುಗೆ ಮಾಡುತ್ತಿದ್ದ, ತಾನೇ ಭಾಂಡೆ ತೊಳೆಯುತ್ತಿದ್ದ. ಅವನೂ ಕುರಿಯವನೇ. ಬೆನ್ನಿಗೆ ನೀಲಿ, ಕೆಂಪು ಬಣ್ಣದ ಗುರುತು ಹಾಕುವುದು ನಮ್ಮ ಹಾಗೆಯೇ. ಆದರೆ ಕುರಿ ಗುಡ್ಡದಲ್ಲಿ ಬಿಟ್ಟು, ತಾನು ಮನೆಯಲ್ಲಿ ಕೂತು ಟಿ.ವಿ. ನೋಡುತ್ತಿದ್ದ. ತೋಳ ಇಲ್ಲವಂತೆ, ಕಳ್ಳರೂ ಕಡಿಮೆಯಂತೆ. ನಮ್ಮಪ್ಪ ಮಳೆಯಲ್ಲಿ ಕಂಬಳಿ ಹೊದ್ದು ಹಿಂಡಿನ ನಡುವೆ ನಿಂತೇ ನಿದ್ದೆ ಮಾಡಿದ್ದು ನೆನಪಾಗಿ, ಎಮ್ರಿಸನ ಮೇಲೆ ಸುಮ್ಮನೆ ಸಿಟ್ಟು ಬಂತು.

ಅವರ ಮಾತನ್ನು ನಾನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಹಾಗೆ ಬರೆದರೇ ನನಗೆ ಅವರು ಕಾಣುತ್ತಾರೆ.

“ನಿಮ್ಮಪ್ಪಗ ಎಷ್ಟ ಕುರಿ ಅದಾವು?” ಅಂತ ಅವನು ಕೇಳಲಿಲ್ಲ. ಎಲ್ಲರೂ ಕೇಳುವುದು ಅದನ್ನೇ, ಅವನು ಕೇಳಲಿಲ್ಲ. ಮೂರನೇ ದಿನ ನಾನೇ ಕೇಳಿದೆ: “ನಿಮ್ಮವು ಎಷ್ಟ?”

ಎಮ್ರಿಸ್ ಪೈಪು ಬಾಯಿಂದ ತೆಗೆದ. “ಸಾಕಷ್ಟ ಅದಾವು” ಅಂದ.

ನಾನು ನಕ್ಕುಬಿಟ್ಟೆ. ನಮ್ಮಪ್ಪನೂ ಅಷ್ಟೇ ಹೇಳುವುದು. ನಮ್ಮಲ್ಲಿ ಕುರಿ ಎಣಿಸಿ ಹೊರಗಿನವರಿಗೆ ಹೇಳಬಾರದು, ದೃಷ್ಟಿಯಾಗುತ್ತದೆ. ಅವರಲ್ಲಿ ದೃಷ್ಟಿಯ ಮಾತಿಲ್ಲ, ಹಾಗೆ ಕೇಳುವುದು ಸೊಕ್ಕು ಅಂತ ಅಷ್ಟೇ. ಸಂದರ್ಶನದ ಪ್ರಶ್ನೆಪಟ್ಟಿಯಲ್ಲಿ ನನ್ನ ಎರಡನೇ ಪ್ರಶ್ನೆಯೇ ಅದಾಗಿತ್ತು. ಹತ್ತೂ ಮಂದಿ ಹೇಳಿದ ಸಂಖ್ಯೆ ಸುಳ್ಳು ಅಂತ, ಕುರಿಯವರ ಮಗಳಾಗಿಯೂ, ನನಗೆ ಹೊಳೆದದ್ದು ಎಮ್ರಿಸನ ಅಡುಗೆಮನೆಯಲ್ಲಿ.

ಅಲ್ಲಿಯ ರಸ್ತೆಯ ಬೋರ್ಡುಗಳ ಮೇಲೆಲ್ಲ ಎರಡು ಭಾಷೆ, ಅವರದು ಮತ್ತು ಇಂಗ್ಲಿಷು. “ನಮ್ಮ ಕಡೆ ಬೋರ್ಡಿಗೆ ಒಮ್ಮೊಮ್ಮೆ ಮಸಿ ಬಳೀತಾರ” ಅಂದೆ. “ಬರೇ ಇಂಗ್ಲಿಷಿನ ಬೋರ್ಡಿಗೆ ನಾ ಹುಡುಗ ಇದ್ದಾಗ ಹಸಿರ ಬಣ್ಣ ಬಳದೀನಿ” ಅಂದ ಎಮ್ರಿಸ್, ಯಾರದೋ ಮದುವೆಗೆ ಹೋಗಿಬಂದ ಸುದ್ದಿ ಹೇಳುವಂತೆ. ಅವತ್ತು ಅವನಿಗೆ ನಮ್ಮ ಶೇಂಗಾ ಚಟ್ನಿ ಕೊಟ್ಟೆ. ಕಣ್ಣಲ್ಲಿ ನೀರು ಇಳಿದರೂ ಮಾತಾಡದೆ ನುಂಗಿದ. ಮರುದಿನ ಮುಂಜಾನೆ ಬ್ರೆಡ್ಡಿಗೆ ಬೆಣ್ಣೆ ಸವರಿ, ಚಟ್ನಿಯ ಡಬ್ಬಿ ಎಲ್ಲಿ ಅಂತ ಹುಡುಕುತ್ತಿದ್ದ.

ಊಟ ಒಗ್ಗಿತು, ನಿದ್ದೆ ಒಗ್ಗಲಿಲ್ಲ. ಶಹಾಪುರದ ಮಗ್ಗದ ಸದ್ದಿಲ್ಲದೆ ಕಣ್ಣು ಮುಚ್ಚುವುದು ನನಗೆ ಮರೆತೇಹೋಗಿತ್ತು.

ಎರಡನೇ ವಾರ

ಪಾಠ ಹೇಳುವವರು ಎಲೆರಿ ಎಂಬ ಹೆಂಗಸು, ಅರವತ್ತರ ಆಜುಬಾಜು. ಎಲ್ಲರೂ ಎಲೆರಿ, ಎಲೆರಿ ಅಂತಲೇ ಕರೆಯುತ್ತಿದ್ದರು. ನನಗೆ ನಾಲಿಗೆ ಹೊರಳಲಿಲ್ಲ. ನಮ್ಮ ಕಡೆ ಶಾಲೆಯ ಟೀಚರನ್ನು ಕರೆಯುವಂತೆ “ಅಕ್ಕೋರ” ಅಂತಲೇ ಕರೆದೆ. ಅದೇನು ಅಂತ ಕೇಳಿ ತಿಳಿದುಕೊಂಡು, ತನಗೆ ಈ ಹೆಸರೇ ಮೇಲು ಅಂದರು.

ಸೋಮವಾರ ಎಲ್ಲರ ಒಪ್ಪಿಗೆ ಪತ್ರ ತೆಗೆದುಕೊಂಡರು. ನನ್ನವನ್ನು ಒಂದೊಂದೇ ತಿರುವಿ, “ಎಷ್ಟ ಕಾಳಜಿಲೆ ಮಾಡಿಯಲ್ಲ. ಓದು ಬರದ ಮಂದಿ ಕಡೆ ಹಿಂಗ ಒಬ್ಬೊಬ್ಬರದೂ ಬ್ಯಾರೆ ಬ್ಯಾರೆ ಗುರುತ ತಗೊಂಡ ಬರೂದು ಸಣ್ಣ ಕೆಲಸ ಅಲ್ಲ” ಅಂದರು. ತರಗತಿಯವರೆಲ್ಲ ನನ್ನ ಕಡೆ ತಿರುಗಿದರು. ಅವ್ವನ ಕಿರುಬೆರಳಿನ ಗುರುತು ಕಟ್ಟಿನ ಮೇಲೆಯೇ ಇತ್ತು.

ಮಂಗಳವಾರ ಜೋಡಿ ಜೋಡಿಯಾಗಿ ಒಬ್ಬರನ್ನೊಬ್ಬರು ಸಂದರ್ಶನ ಮಾಡಬೇಕಿತ್ತು. ನನ್ನ ಜೋಡಿ ಚಿಲಿ ದೇಶದ ರೊಡ್ರಿಗೊ. ಓದಿನ ಬಗ್ಗೆ ಕೇಳುತ್ತಾ ಬಂದ, ನಾನೂ ಹೆಮ್ಮೆಯಿಂದ ಹೇಳುತ್ತಾ ಹೋದೆ. ಶಾಲೆ ಬಿಟ್ಟಿದ್ದ ಆ ಎರಡು ವರ್ಷಕ್ಕೆ ಬಂದಾಗ ಸ್ವಲ್ಪ ಹೇಳಿದೆ. ಆಮೇಲೆ, “ಇದು ಬ್ಯಾಡ” ಅಂದೆ.

ರೊಡ್ರಿಗೊ ಪೆನ್ನು ಕೆಳಗಿಟ್ಟ. ಬರೆದುಕೊಂಡಿದ್ದ ಹಾಳೆಯನ್ನು ಪುಸ್ತಕದಿಂದ ಹರಿದು, ಎರಡು ಮಡಿಕೆ ಮಾಡಿ, ನನ್ನ ಕೈಯಲ್ಲಿಟ್ಟ. “ನಿನ್ನದು, ನೀನ ಇಟ್ಕೋ” ಅಂದ. ಅಷ್ಟೇ. ಯಾಕೆ ಅನ್ನಲಿಲ್ಲ, ಮುಖ ಸಣ್ಣದು ಮಾಡಲಿಲ್ಲ. ಮುಂದಿನ ಪ್ರಶ್ನೆಗೆ ಹೋದ.

ಹುಟ್ಟಿದಾಗಿನಿಂದ ಮಂದಿ ನನ್ನನ್ನು ಕೇಳಿದ್ದಾರೆ. ಜಾತಿ ಯಾವುದು, ಅಪ್ಪ ಏನು ಮಾಡುತ್ತಾನೆ, ಫೀ ಯಾಕೆ ಕಟ್ಟಿಲ್ಲ, ಮದುವೆ ಯಾವಾಗ. ಕೇಳಿದ ಮೇಲೆ ಬರೆದುಕೊಂಡವರು ಬಹಳ. ಬರೆದುಕೊಂಡದ್ದನ್ನು ವಾಪಸು ಕೊಟ್ಟವನು ಇವನೊಬ್ಬನೇ. ಆ ಹಾಳೆ ಹಿಡಿದುಕೊಂಡು ಪಾಯಖಾನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ನನ್ನದು ನನಗೆ ಸಿಕ್ಕಿತು. ಆ ಹತ್ತು ಮಂದಿಯದು?

ಪಾಠ ಮುಗಿದ ಮೇಲೆ ಅಕ್ಕೋರ ಕೋಣೆಗೆ ಹೋದೆ.

“ಆ ಹತ್ತೂ ಬಟ್ಟು ನಮ್ಮವ್ವನವು” ಅಂದೆ.

ಅವರಿಗೆ ತಿಳಿಯಲಿಲ್ಲ. ನಾನು ಕೈ ಎರಡೂ ಅಗಲಿಸಿ ತೋರಿಸಿದೆ. ಆಗ ತಿಳಿಯಿತು. ಚಹಾ ಮಾಡಿದರು. ಆ ಮಂದಿ ಬೈಯುವ ಮೊದಲೂ ಚಹಾ ಮಾಡುತ್ತಾರೆ. ಕಪ್ಪು ಕೈಗೆ ಕೊಟ್ಟ ಮೇಲೆ ಹೇಳಿದರು: “ಈ ಹತ್ತೂ ನಡಿಯೂದಿಲ್ಲ. ನಿನಗ ಪ್ರಮಾಣಪತ್ರ ಕೊಡೂದು ಬಿಡೂದು ನನ್ನ ಒಬ್ಬಾಕಿ ಕೈಯಾಗ ಇಲ್ಲ, ಇನ್ನೂ ಇಬ್ಬರ ಅದಾರ. ನಡದದ್ದ ನಡದಂಗ ಒಂದ ಹಾಳಿ ಬರಿ.”

“ಅವರು ಹೆಬ್ಬಟ್ಟ ಒತ್ತೂದಿಲ್ಲರೀ ಅಕ್ಕೋರ.”

“ಹೆಬ್ಬಟ್ಟ ಬ್ಯಾಡ. ಬಾಯಿಲೆ ಹೇಳಿದ್ರೂ ನಡೀತದ, ಅದನ್ನ ರೆಕಾರ್ಡ್ ಮಾಡು. ಆದ್ರ ಹೊಸದಾಗಿ ಕೇಳಬೇಕು. ಬ್ಯಾಡ ಅನ್ನಬಹುದು ಅಂತ ಮೊದಲ ಹೇಳಿ, ಆಮ್ಯಾಲ ಕೇಳಬೇಕು. ನೀ ಅವರಿಗೆ ಅದನ್ನ ಹೇಳಿದ್ದೇನು?”

ಹೇಳಿರಲಿಲ್ಲ. ನಮ್ಮ ಮಂದಿಯನ್ನು ನಾನು ಕೇಳಿದ್ದೇ ಬೇರೆ ಥರ: ನಾನು ನಿಮ್ಮ ಮಗಳು, ವಿಲಾಯತಿಗೆ ಹೋಗಬೇಕು, ಮಾತಾಡ್ರಿ. ಹಾಗೆ ಕೇಳಿದರೆ ಇಲ್ಲ ಅನ್ನುವವರು ಯಾರು?

ಫೋನು

ಐದು ದಿನ ಗಡುವು. ನಮ್ಮೂರಲ್ಲಿ ಕುರಿ ಹಟ್ಟಿಗೆ ಹೊಡೆದು, ಕೈಕಾಲು ತೊಳೆದುಕೊಳ್ಳುವ ಸಂಜೆಯ ಹೊತ್ತು ನನಗೆ ಅಲ್ಲಿ ಮಧ್ಯಾಹ್ನ. ಊಟ ಬಿಟ್ಟು, ಎಮ್ರಿಸನ ಹಿತ್ತಲ ಕಲ್ಲುಗೋಡೆಯ ಮರೆಗೆ ನಿಂತು ಫೋನು ಹಚ್ಚಿದೆ. ಗಾಳಿ ಹುಚ್ಚುಹುಚ್ಚಾಗಿ ಬೀಸುತ್ತಿತ್ತು.

ಮೊದಲು ಅವ್ವ. “ಯಾಕ ಹೇಳಾಕ ಹ್ವಾದಿ? ಯಾರ ನೋಡ್ತಿದ್ರು? ನನ್ನ ಬಟ್ಟ ನಾ ಒತ್ತೀನಿ, ಯಾರದೂ ಕದ್ದಿಲ್ಲಲ್ಲ!”

“ಅವ್ವಾ, ಒಬ್ಬೊಬ್ಬರನ್ನ ಕರಿ. ಅವರು ಮಾತಾಡುವಾಗ ನೀ ಹೊರಗ ಇರಬೇಕು.”

“ನನ್ನ ಮನಿಯಾಗಿಂದ ನನ್ನ ಹೊರಗ ಹಾಕ್ತಿ?”

“ನೀ ಬಾಜು ಕುಂತ್ರ ಅವರು ಬ್ಯಾಡ ಅನ್ನಾಕ ಹಿಂದ ಮುಂದ ನೋಡ್ತಾರ.”

“ಬ್ಯಾಡ ಅನ್ನಲಿ ಅಂತನ ಕೇಳಾಕತ್ತಿ ಏನು? ಶಾಣ್ಯಾಕಿ ಆಗಿ ಬಿಡು!”

ನಡುವೆ ಯಲ್ಲಪ್ಪ ಮಾವ ಫೋನು ಕಸಿದುಕೊಂಡ. “ಏ ಮಾಯವ್ವಾ, ಎಲ್ಲಾರ ಪರವಾಗಿ ನಾ ಹೂಂ ಅಂತೀನಿ. ಹಿರ್ಯಾ ಅದೀನಿ. ರೆಕಾರ್ಡ್ ಮಾಡ್ಕೊ. ಹೂಂ. ಹೂಂ. ಹೂಂ. ಎಷ್ಟ ಬೇಕು?” ಹತ್ತು ಸಲ ಹೂಂ ಅಂದು, ಕೆಲಸ ಮುಗಿಸಿದವನಂತೆ ಫೋನು ಇಟ್ಟ. ಮತ್ತೆ ಮೊದಲಿನಿಂದ ಹಚ್ಚಿದೆ.

ಮೂರು ದಿನ ಹಿಡಿಯಿತು. ಏಳು ಮಂದಿ ಹೂಂ ಅಂದರು. ಅದರಲ್ಲಿ ಸಿದ್ದವ್ವ ಅನ್ನುವವಳು ಷರತ್ತು ಹಾಕಿದಳು: “ನನ್ನ ಹೆಸರ ಮುಚ್ಚತಿ ಅಂತಲ್ಲ? ಮುಚ್ಚಬ್ಯಾಡ. ದೊಡ್ಡ ಅಕ್ಷರದಾಗ ಬರಿ. ನನ್ನ ಸೊಸಿ ಓದಬೇಕು.” ಹೆಸರು ಮುಚ್ಚಬೇಕು ಅನ್ನುವುದು ನಿಯಮ, ಇವಳಿಗೆ ಮುಚ್ಚುವುದೇ ಅವಮಾನ. ಆ ಗಂಟನ್ನು ಅಕ್ಕೋರಿಗೇ ಬಿಟ್ಟೆ. ಅವರೂ ಎರಡು ದಿನ ತಲೆ ಕೆರೆದುಕೊಂಡರು. ಒಬ್ಬಾಕೆ ಕುರಿ ಹೊಡೆದುಕೊಂಡು ಊರುಬಿಟ್ಟಿದ್ದಳು, ಫೋನಿಗೆ ಸಿಗಲಿಲ್ಲ. ಸಿಗದವರದು ಹೂಂ ಅಲ್ಲ, ತೆಗೆದುಹಾಕಿದೆ. ಇನ್ನೊಬ್ಬಾಕೆ ಬ್ಯಾಡ ಅಂದಳು, ಕಾರಣ ಹೇಳಲಿಲ್ಲ. ಕೇಳಬಾರದು ಅಂತ ನನಗೂ ಅಷ್ಟೊತ್ತಿಗೆ ತಿಳಿದಿತ್ತು.

ಕೊನೆಗೆ ಅತ್ತಿ ನಾಗವ್ವ. ನನ್ನ ಬರಹದ ಅರ್ಧ ನಿಂತದ್ದು ಅವಳ ಮಾತಿನ ಮೇಲೆ. ಅವಳದು ಹೋದರೆ ಉಳಿಯುವುದು ಸೊಪ್ಪು ಸದೆ. ಇಷ್ಟೆಲ್ಲ ಗೊತ್ತಿದ್ದೂ ಹೇಳಬೇಕಾದ್ದನ್ನು ಹೇಳಿದೆ: “ಅತ್ತಿ, ನೀ ಹೇಳಿದ್ದನ್ನ ಬರೀಲೋ ಬ್ಯಾಡೋ? ಬ್ಯಾಡ ಅಂದ್ರ ಅಳಿಸ್ತೀನಿ. ನನಗ ಸಿಟ್ಟ ಬರೂದಿಲ್ಲ.”

ಕಡೆಯ ಮಾತು ಪೂರ್ತಿ ಖರೇ ಆಗಿರಲಿಲ್ಲ.

ಅತ್ತಿಯ ಹಿಂದೆ ಮರಿಯೊಂದು ಒದರುತ್ತಿತ್ತು. ಅದನ್ನು ಗದರಿಸಿ ಅಂದಳು: “ಅದು ನಾ ನಿನಗ ಹೇಳಿದ್ದು, ಮಗಳ. ಕಾಗದಕ್ಕ ಹೇಳಿದ್ದಲ್ಲ.”

“ಹಂಗಾರ ಬ್ಯಾಡ?”

“ಬ್ಯಾಡ.” ಅದರ ಬೆನ್ನಿಗೇ, “ನಿನ್ನ ಕೆಲಸ ಕೆಡತೈತೇನ?” ಅಂದಳು.

ಕೆಡುತ್ತದೆ ಅಂದಿದ್ದರೆ ಅವಳು ಆ ಕ್ಷಣವೇ ಹೂಂ ಅನ್ನುತ್ತಿದ್ದಳು. ನನಗದು ಗೊತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದದ್ದೂ ಖರೇ.

“ನೀ ಅದನ್ನ ಯೋಚನಿ ಮಾಡಬ್ಯಾಡ” ಅಂದೆ.

ಅವಳ ದನಿ ಇದ್ದ ರೆಕಾರ್ಡನ್ನು ಅಕ್ಕೋರ ಮುಂದೆಯೇ ಅಳಿಸಿದೆ. ಬರೆದುಕೊಂಡಿದ್ದ ಹದಿನಾಲ್ಕು ಹಾಳೆಯನ್ನು ಎಮ್ರಿಸನ ಒಲೆಗೆ ಹಾಕಿದೆ. ಅವಳು ಏನು ಹೇಳಿದ್ದಳು ಅಂತ ಇಲ್ಲಿಯೂ ಬರೆಯುವುದಿಲ್ಲ. ತಾನು ಬ್ಯಾಡ ಅಂದೆ ಅನ್ನುವುದನ್ನಷ್ಟೇ ಬರೆಯಲು ಒಪ್ಪಿದ್ದಾಳೆ. ಸಿದ್ದವ್ವನದೊಂದು ಬಿಟ್ಟರೆ, ಇಲ್ಲಿರುವ ಯಾವ ಹೆಸರೂ ಅವರವರ ಖರೇ ಹೆಸರಲ್ಲ.

ಕೊನೇ ಶುಕ್ರವಾರ

ನನ್ನ ಬರಹ ಓದಲು ಎದ್ದಾಗ ಕೈಯಲ್ಲಿದ್ದದ್ದು ಆರು ಹಾಳೆ. ಉಳಿದವರದು ಮೂವತ್ತು, ನಲವತ್ತು. ಹತ್ತರಲ್ಲಿ ಏಳು ಯಾಕೆ ಉಳಿದವು, ಮೊದಲಿನ ಹತ್ತು ಬೆರಳು ಯಾರವು, ಕುರಿಯ ಲೆಕ್ಕ ಯಾಕೆ ನಂಬಬಾರದು, ಎಲ್ಲ ಹೇಳಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚಲೋ ಇತ್ತು. ಅಕ್ಕೋರ ಪಕ್ಕದಲ್ಲಿ ಕೂತಿದ್ದ ಇಬ್ಬರಲ್ಲಿ ಒಬ್ಬರು, ನೀನು ಹೇಳದಿದ್ದರೆ ನಮಗೆ ಗೊತ್ತಾಗುತ್ತಿತ್ತೇ ಅಂತ ಕೇಳಿದರು. “ಇಲ್ಲರೀ” ಅಂದೆ. ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಪಡಸಾಲೆಯಲ್ಲಿ ಕೂತು ಸೀರೆ ಅಂಗಡಿಯ ಮಾಲೀಕರಿಗೆ ಹೇಗೆ ಫೋನು ಮಾಡುವುದು, ಏನಂತ ಶುರು ಮಾಡುವುದು ಅಂತ ಯೋಚಿಸಿದೆ. ಅಷ್ಟು ದಣಿದಿದ್ದೆನೆಂದರೆ, ಸೀರೆ ಮಡಚುವುದೂ ಒಂದು ವಿಶ್ರಾಂತಿ ಅನ್ನಿಸಿತು.

ಕೊಟ್ಟರು. ಹೆಸರು ಕರೆದಾಗ ನನಗಿಂತ ಮೊದಲು ರೊಡ್ರಿಗೊ ಚಪ್ಪಾಳೆ ತಟ್ಟಿದ. ಅಕ್ಕೋರು ಕೈ ಕುಲುಕುತ್ತಾ, “ನಡದದ್ದ ನಡದಂಗ ಬರದ ನಿನ್ನ ಆ ಒಂದ ಹಾಳಿ ಓದಿ ಅವರಿಬ್ಬರೂ ಒಪ್ಪಿದ್ರು, ಆರು ಹಾಳಿ ನೋಡಿ ಅಲ್ಲ” ಅಂದರು. ಬರಹ ಸಪ್ಪೆಯಾಗಿತ್ತು ಅನ್ನುವುದನ್ನು ಅಷ್ಟು ನಯವಾಗಿ ನನಗೆ ಯಾರೂ ಹೇಳಿಲ್ಲ.

ಮರಳಿ ಖಾನಾಪುರ

ಬೆಳಗಾವಿಯಲ್ಲಿ ಇಳಿದು, ಬಸ್ಸು ಹಿಡಿದು, ಖಾನಾಪುರದಲ್ಲಿ ಮಲಪ್ರಭೆ ದಾಟಿದಾಗ ಮಳೆ ಹಿಡಿದಿತ್ತು. ಮನೆಯಲ್ಲಿ ಅವ್ವ ಮೊದಲು ನನ್ನ ಗಲ್ಲ ಮುಟ್ಟಿ, ಸಣ್ಣಾಗೀ ಅಂದಳು. ಕೆಲಸ ಸಿಗತೈತಿ ಅಂತ ನಾನು ಹೇಳಿದ ಮೇಲೆ ಒಲೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು.

ಮರುದಿನ ಅತ್ತಿಯ ಮನೆಗೆ ಹೋದೆ. ಅವಳು ಕಟ್ಟೆಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದಳು. “ಬಾ, ಕುಂದರ” ಅಂದಳೇ ಹೊರತು ಮುಖ ನೋಡಲಿಲ್ಲ. ಅಂಜಿದ್ದಳು. ತನ್ನಿಂದ ನನ್ನ ಕೆಲಸ ಹೋಯಿತು ಅಂತ ಅಷ್ಟು ದಿನ ಒಳಗೇ ಕೊರಗಿದ್ದಳಂತೆ. ನಾನು ಪ್ಲಾಸ್ಟಿಕ್ ಕವರಿನಿಂದ ಪ್ರಮಾಣಪತ್ರ ತೆಗೆದೆ. ಅವಳು ಕೈಯನ್ನು ಸೀರೆಗೆ ಎರಡು ಸಲ ಒರೆಸಿಕೊಂಡಳು. ಅವಳ ಕೈಗೆ ಕೊಟ್ಟೆ.

ಬಹಳ ಹೊತ್ತು ನೋಡಿದಳು. “ಇದರಾಗ ನನ್ನ ಮಾತ ಅದಾವೇನ?”

“ಇಲ್ಲತ್ತಿ.”

“ಒಂದೂ?”

“ಒಂದೂ ಇಲ್ಲ.”

“ಆದ್ರೂ ಕೊಟ್ರು?”

“ಕೊಟ್ರು.”

ಅತ್ತಿ ಉಣ್ಣೆಯ ಗಂಟನ್ನು ಬಾಜು ಸರಿಸಿ, ಮೊದಲ ಸಲ ನನ್ನ ಮುಖ ನೋಡಿದಳು.

“ಅಂದ್ರ ಬ್ಯಾಡ ಅಂದ್ರೂ ನಡೀತೈತಿ ಅನ್ನು” ಅಂದಳು. “ಇಷ್ಟ ವರ್ಷ ನನಗ ಯಾರೂ ಹೇಳಲೇ ಇಲ್ಲ ನೋಡ.”